ಮನೆಗೊಂದು ಬಾರ್ಬೆಕ್ಯೂ: ಮೊದಲು ನೋಡಬೇಕಾದದ್ದು ಮುಚ್ಚಳ

ಬಾರ್ಬೆಕ್ಯೂ ಎಂದರೆ ಕೆಂಡದ ಮೇಲೆ ಜಾಲರಿ ಇಟ್ಟು ಬಯಲಿನಲ್ಲಿ ಸುಡುವ ಒಲೆ. ಸುಟ್ಟ ಬದನೆಕಾಯಿಯ ಗೊಜ್ಜು, ಬೂದಿಯಲ್ಲಿ ಹುಗಿದ ಗೆಣಸು, ಕೆಂಡದ ಮೇಲೆ ಹೊರಳಿಸಿದ ಜೋಳದ ತೆನೆ ತಿಂದು ಬೆಳೆದವರಿಗೆ ಈ ರುಚಿ ಹೊಸದೇನಲ್ಲ. ಹೊಸದು ಆ ಒಲೆಯನ್ನು ಅಂಗಡಿಯಿಂದ ಕೊಂಡು ತಾರಸಿಗೋ ಹಿತ್ತಲಿಗೋ ತರುವ ರೂಢಿ.

ಕೊಳ್ಳುವವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಇದ್ದಿಲೋ, ಗ್ಯಾಸೋ, ಕರೆಂಟೋ ಎಂದು. ಕರೆಂಟಿನದು ಹೊಗೆ ಕಡಿಮೆ ಇರಬೇಕಾದ ಅಪಾರ್ಟ್‌ಮೆಂಟಿಗೆ ಸರಿ. 2000 ವ್ಯಾಟ್‌ನದ್ದಾದರೆ 16 ಆಂಪಿಯರ್ ಸಾಕೆಟ್ಟೇ ಬೇಕು. ಗ್ಯಾಸಿನದರಲ್ಲಿ ಗುಂಡಿ ತಿರುಗಿಸಿದರೆ ಉರಿ ಹೇಳಿದ ಮಾತು ಕೇಳುತ್ತದೆ. ಆದರೆ ಹೊರದೇಶದಿಂದ ತಂದದ್ದಾದರೆ ಅದರ ರೆಗ್ಯುಲೇಟರ್ ಮತ್ತು ಬರ್ನರ್ ಇಲ್ಲಿನ ಸಿಲಿಂಡರಿಗೆ ಹೊಂದುತ್ತವೆಯೇ ಎಂದು ಕೇಳಿಯೇ ಕೊಳ್ಳಬೇಕು. ಹೊಗೆಯ ರುಚಿ ಇದ್ದಿಲಿಗೆ ಮಾತ್ರ ಸೇರಿದ್ದಲ್ಲ: ಮಾಂಸದಿಂದ ತೊಟ್ಟಿಕ್ಕಿದ ಕೊಬ್ಬು ಕಾದ ಲೋಹದ ಮೇಲೆ ಬಿದ್ದು ಚುರ್ರೆಂದು ಹೊಗೆಯಾಗಿ ಮತ್ತೆ ಮೇಲೆದ್ದು ಮಾಂಸಕ್ಕೇ ಅಂಟುತ್ತದೆ, ಗ್ಯಾಸಿನಲ್ಲೂ ಅಷ್ಟೇ. ಆದರೂ ಕೆಂಡದ ಒಣ, ತೀಕ್ಷ್ಣ ಕಾವಿಗೆ ಸಮನಾದದ್ದು ಇಲ್ಲ. ಜಾಗ ಇದ್ದವರು ಇದ್ದಿಲಿನದನ್ನೇ ಆರಿಸುವುದು ಒಳ್ಳೆಯದು.

ಇದ್ದಿಲಿನ ಒಲೆಯಲ್ಲಿ ನಿಜವಾಗಿ ನೋಡಬೇಕಾದದ್ದು ಮುಚ್ಚಳ ಮತ್ತು ಗಾಳಿಕಿಂಡಿಗಳನ್ನು. 1952ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಜಾರ್ಜ್ ಸ್ಟೀಫನ್ ಎಂಬಾತ, ತಾನು ಕೆಲಸಕ್ಕಿದ್ದ ವೆಬರ್ ಬ್ರದರ್ಸ್ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲಿಬಿಡುವ ಬೋಯಾಗಳಿಗೆಂದು ತಯಾರಾಗುತ್ತಿದ್ದ ಲೋಹದ ಅರೆಗೋಳಗಳಿಂದ ಒಲೆ ಮಾಡಿದ. ಕೆಳಗಿನ ಅರ್ಧಕ್ಕೆ ಮೂರು ಕಾಲು, ಮೇಲಿನ ಅರ್ಧವೇ ಮುಚ್ಚಳ. ಇಂದಿಗೂ ‘ಕೆಟಲ್’ ಎನ್ನುವ ಮಾದರಿ ಅದೇ. ಕೆಳಗಿನ ಕಿಂಡಿ ತೆರೆದರೆ ಕೆಂಡ ನಿಗಿನಿಗಿ ಎನ್ನುತ್ತದೆ, ಅರ್ಧ ಮುಚ್ಚಿದರೆ ತಣ್ಣಗಾಗುತ್ತ ಬರುತ್ತದೆ, ಎಲ್ಲವನ್ನೂ ಮುಚ್ಚಿದರೆ ಆರಿ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಸಿಗುತ್ತದೆ. ಬೀದಿಯಲ್ಲಿ ಜೋಳ ಸುಡುವವರು ಬೀಸಣಿಗೆಯಿಂದ ಮಾಡುವ ಕೆಲಸವನ್ನು ಇಲ್ಲಿ ಕಿಂಡಿ ಮಾಡುತ್ತದೆ.

ಮುಚ್ಚಳವಿಲ್ಲದ ತಟ್ಟೆಯಾಕಾರದ ಒಲೆಯಲ್ಲಿ ಪನೀರ್, ಅಣಬೆ, ಸಿಗಡಿ ಚೆನ್ನಾಗಿಯೇ ಆಗುತ್ತವೆ. ಕೋಳಿಯ ತೊಡೆ ಮಾತ್ರ ಹೊರಗೆ ಕರಿದಾಗಿ ಮೂಳೆಯ ಬಳಿ ಹಸಿಯಾಗಿಯೇ ಉಳಿಯುತ್ತದೆ. ಮುಚ್ಚಳವಿದ್ದರೆ ಕೆಂಡವನ್ನು ಒಂದು ಬದಿಗೆ ಸರಿಸಿ, ತೊಡೆಯನ್ನು ಕೆಂಡದ ಮೇಲೆ ಬಣ್ಣ ಬರುವಷ್ಟು ಸುಟ್ಟು, ಇನ್ನೊಂದು ಬದಿಗೆ ಎಳೆದು ಮುಚ್ಚಬಹುದು. ಒಳಗಿನ ಬಿಸಿಗಾಳಿ ಅದನ್ನು ನಿಧಾನವಾಗಿ ಬೇಯಿಸುತ್ತದೆ. ಒಳಮಾಂಸ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಿನ್ನಲು ಸುರಕ್ಷಿತ.

ಗಾತ್ರದ ವಿಷಯದಲ್ಲಿ ಕಣ್ಣು ಮೋಸ ಹೋಗುತ್ತದೆ. 45 ಸೆಂ.ಮೀ. ಅಗಲದ ಜಾಲರಿಗಿಂತ 57 ಸೆಂ.ಮೀ.ದು ಸ್ವಲ್ಪವೇ ದೊಡ್ಡದೆನಿಸಿದರೂ ಜಾಗ ಶೇ. 60ರಷ್ಟು ಹೆಚ್ಚು. ನಾಲ್ವರ ಮನೆಗೆ ಚಿಕ್ಕದೇ ಸಾಕು. ನೆಂಟರಿಷ್ಟರು ಆಗಾಗ ಬರುವ ಮನೆಯಾದರೆ ದೊಡ್ಡದು.

ಲೋಹವನ್ನು ಮುಟ್ಟಿ ನೋಡಿಯೇ ತಿಳಿಯಬೇಕು. ಬೆರಳಲ್ಲಿ ಒತ್ತಿದರೆ ಬಾಗುವ ತಗಡು ಎರಡು ಮೂರು ಸಲದ ಬೆಂಕಿಗೇ ಸೊಟ್ಟಗಾಗುತ್ತದೆ. ಎನಾಮಲ್ ಲೇಪದ ದಪ್ಪ ಉಕ್ಕು ಬಾಳಿಕೆ ಬರುತ್ತದೆ. ಜಾಲರಿ ಸ್ಟೇನ್‌ಲೆಸ್ ಸ್ಟೀಲಿನದೋ ಬೀಡು ಕಬ್ಬಿಣದ್ದೋ ಇರಲಿ. ಬೀಡಿನದಕ್ಕೆ ಪ್ರತಿ ಸಲ ಎಣ್ಣೆ ಸವರಬೇಕು. ಸತುವಿನ ಲೇಪವಿರುವ ಜಿ.ಐ. ಜಾಲರಿಯನ್ನು ಕತ್ತರಿಸಿ ಹಾಕಿಕೊಳ್ಳುವುದು ಬೇಡವೇ ಬೇಡ, ಹೆಚ್ಚು ಕಾದಾಗ ಅದರಿಂದ ವಿಷದ ಹೊಗೆ ಬರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಸ್ಟೇನ್‌ಲೆಸ್ ಮೇಲೂ ತುಕ್ಕಿನ ಚುಕ್ಕೆ ಏಳುತ್ತದೆ, ಮಳೆಗಾಲಕ್ಕೆ ಹೊದಿಕೆ ಬೇಕೇ ಬೇಕು.

ಒಲೆಯ ಜೊತೆಗೆ ಇದ್ದಿಲು ಹೊತ್ತಿಸುವ ಚಿಮಣಿಯನ್ನೂ ಕೊಂಡರೆ ಸೀಮೆಎಣ್ಣೆಯ ಗೊಡವೆ ಇರುವುದಿಲ್ಲ. ಸೀಮೆಎಣ್ಣೆಯ ವಾಸನೆ ಅಡುಗೆಗೂ ಹತ್ತುತ್ತದೆ. ಈ ತಗಡಿನ ಕೊಳವೆಯ ತಳದಲ್ಲಿ ಕಾಗದ, ಮೇಲೆ ಇದ್ದಿಲು. ಮರದ್ದಾಗಲಿ ಕರಟದ್ದಾಗಲಿ, 15–20 ನಿಮಿಷಕ್ಕೆ ಇದ್ದಿಲಿನ ಮೈಮೇಲೆ ಬಿಳಿ ಬೂದಿ ಕೂರುತ್ತದೆ. ಜಾಲರಿಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿದಾಗ ಎರಡು ಮೂರು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕೆನಿಸಿದರೆ ಕಾವು ಜೋರಾಗಿದೆ ಎಂದರ್ಥ.

ಮಳೆ ಬಂತೆಂದು ಉರಿಯುವ ಒಲೆಯನ್ನು ಒಳಕ್ಕೆ ಎಳೆದುಕೊಳ್ಳುವುದು ಪ್ರಾಣಾಪಾಯ. ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ತೆರೆದಿದ್ದರೂ ಅದನ್ನು ನಂಬುವಂತಿಲ್ಲ. ಬೂದಿಯನ್ನು ಮಾರನೆಯ ದಿನ ಪೂರ್ತಿ ತಣ್ಣಗಾದ ಮೇಲೆ ಕಬ್ಬಿಣದ ಬಕೆಟ್ಟಿಗೇ ಸುರಿಯಬೇಕು.