ಕಡಲಗಾಳಿಯ ಊರಲ್ಲಿ ಎಸಿಯ ಹೊರಪೆಟ್ಟಿಗೆ

ಹೊಸ ಎಸಿ ಕೊಂಡವರು ಒಳಗಿನ ಯುನಿಟ್ ಯಾವ ಗೋಡೆಗೆ ಬರಬೇಕೆಂದು ಮನೆಮಂದಿಯೆಲ್ಲ ಕೂಡಿ ಚರ್ಚಿಸುತ್ತಾರೆ. ಔಟ್‌ಡೋರ್ ಎಲ್ಲಿ ಕೂರಬೇಕೆಂಬುದನ್ನು ಮಾತ್ರ ಜೋಡಿಸಲು ಬಂದ ಮೆಕ್ಯಾನಿಕ್‌ಗೆ ಬಿಟ್ಟುಬಿಡುತ್ತಾರೆ. ಅವರಾದರೂ ಏನು ಮಾಡಿಯಾರು? ಜೊತೆಗೆ ಬಂದ ಮೂರು ಮೀಟರ್ ಪೈಪು ಎಲ್ಲಿಗೆ ಮುಟ್ಟುತ್ತದೋ, ಏಣಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಸ್ಟ್ಯಾಂಡ್ ಬಡಿದು ಹೋಗುತ್ತಾರೆ. ಬೆಂಗಳೂರಿನಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಮಂಗಳೂರಿನಲ್ಲಿ ನಡೆಯದು. ಇಲ್ಲಿ ಆ ಪೆಟ್ಟಿಗೆಯ ಆಯುಷ್ಯವನ್ನು ತೀರ್ಮಾನಿಸುವುದು ಬಿಸಿಲಿಗಿಂತ ಹೆಚ್ಚಾಗಿ ಉಪ್ಪು.

ಎಸಿಯ ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಕೋಣೆಯಿಂದ ಎತ್ತುವ ಶಕ್ತಿ. ಒಂದೂವರೆ ಟನ್ನಿನ ಯಂತ್ರ ಪೂರ್ಣ ದುಡಿಯುವಾಗ ಕೋಣೆಯ ಶಾಖದ ಜೊತೆಗೆ ಕಂಪ್ರೆಸರ್ ಬಳಸಿದ ವಿದ್ಯುತ್ತೂ ಶಾಖವಾಗಿ ಸೇರಿ, ಆರೂವರೆ ಕಿಲೋವ್ಯಾಟ್‌ನಷ್ಟು ಹೊರಗೆ ಹೋಗಬೇಕು. ಇದನ್ನು ಹೊತ್ತೊಯ್ಯಲು ಔಟ್‌ಡೋರ್‌ನ ಫ್ಯಾನು ಗಂಟೆಗೆ ಸುಮಾರು 2,000 ಘನ ಮೀಟರ್ ಗಾಳಿಯನ್ನು ಹಿಂಬದಿಯ ಕಾಯಿಲ್ ಮೂಲಕ ಎಳೆದು ಮುಂದಕ್ಕೆ ದೂಡುತ್ತದೆ. ಐವತ್ತು ಮಲಗುವ ಕೋಣೆಗಳಲ್ಲಿ ತುಂಬುವಷ್ಟು ಗಾಳಿ ಅದು. ಆ ಗಾಳಿ ಏನನ್ನು ಹೊತ್ತು ತರುತ್ತದೆ ಎಂಬುದೇ ಮುಖ್ಯ.

ಅಲೆ ಒಡೆಯುವಾಗ ಏಳುವ ನೊರೆಯ ಗುಳ್ಳೆಗಳು ಸಿಡಿದು ಸಣ್ಣ ಹನಿಗಳಾಗುತ್ತವೆ, ಹನಿ ಆರಿದರೆ ಉಪ್ಪಿನ ಕಣ ಉಳಿಯುತ್ತದೆ. ದಪ್ಪ ಕಣಗಳು ದಡದಿಂದ ಕೆಲವು ನೂರು ಮೀಟರ್ ಒಳಗೇ ಬಿದ್ದುಬಿಡುತ್ತವೆ. ಸೂಕ್ಷ್ಮ ಕಣಗಳು ಗಾಳಿಯಲ್ಲಿ ಮೈಲುಗಟ್ಟಲೆ ಸಾಗುತ್ತವೆ. ಕಡಲಂಚಿನ ಪಣಂಬೂರು, ತಣ್ಣೀರುಬಾವಿ, ಸುರತ್ಕಲ್, ಉಳ್ಳಾಲಗಳಲ್ಲಿ ಸೈಕಲ್ಲಿನಿಂದ ಕಿಟಕಿಯ ಸರಳಿನವರೆಗೆ ಎಲ್ಲವೂ ಬೇಗ ತುಕ್ಕು ಹಿಡಿಯುವುದು ಇದರಿಂದಲೇ. ದಡದಿಂದ ಒಳಗಿರುವ ಕದ್ರಿ, ಬಿಜೈ ಕಡೆ ಹಾವಳಿ ಕಡಿಮೆ, ಆದರೆ ಇಲ್ಲವೆಂದಲ್ಲ.

ಒಣ ಉಪ್ಪು ಲೋಹವನ್ನು ಅಷ್ಟಾಗಿ ತಿನ್ನದು. ಅದಕ್ಕೆ ತೇವ ಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75 ದಾಟಿದರೆ ಅಡುಗೆಯ ಉಪ್ಪು ಗಾಳಿಯಿಂದಲೇ ನೀರು ಹೀರಿ ತಾನಾಗಿ ಕರಗುತ್ತದೆ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್‌ಗಂತೂ ಶೇ. 33 ಸಾಕು. ಹಾಗಾಗಿ ಮಂಗಳೂರಿನ ಬಹುಪಾಲು ರಾತ್ರಿಗಳಲ್ಲಿ ಕಾಯಿಲ್ ಮೇಲೆ, ಮಳೆ ಬರಲಿ ಬಿಡಲಿ, ಉಪ್ಪುನೀರಿನ ತೆಳುಪೊರೆ ಇರುತ್ತದೆ. ಕಾಯಿಲ್‌ನ ಕೊಳವೆ ತಾಮ್ರದ್ದು, ಅದಕ್ಕೆ ಕಚ್ಚಿಕೊಂಡ ತೆಳು ಹಾಳೆಗಳು ಅಲ್ಯೂಮಿನಿಯಂನವು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅದೊಂದು ವಿದ್ಯುತ್ ಕೋಶ. ಅಲ್ಲಿ ಸವೆದುಹೋಗುವುದು ಅಲ್ಯೂಮಿನಿಯಂ. ಜಾಹೀರಾತಿನಲ್ಲಿ ‘ನೂರಕ್ಕೆ ನೂರು ತಾಮ್ರ’ ಎಂದು ಓದಿ ನಿಶ್ಚಿಂತರಾಗುವವರು ಗಮನಿಸಬೇಕು: ಆ ಮಾತು ಸಾಮಾನ್ಯವಾಗಿ ಕೊಳವೆಗಷ್ಟೇ ಅನ್ವಯ. ಹಾಳೆಗಳು ಬಿಳಿ ಪುಡಿಯಾಗಿ ಉದುರತೊಡಗಿದರೆ ಕೊಳವೆಯ ಶಾಖ ಗಾಳಿಗೆ ದಾಟುವುದಿಲ್ಲ. ಕಂಪ್ರೆಸರ್ ಹೆಚ್ಚು ಒತ್ತಡದಲ್ಲಿ ಹೆಣಗುತ್ತದೆ, ಕರೆಂಟ್ ಬಿಲ್ ಏರುತ್ತದೆ. ಹಾಳೆಗಳ ಮೇಲೆ ನೀಲಿ ಅಥವಾ ಹೊಂಬಣ್ಣದ ಲೇಪವಿರುವ ಕಾಯಿಲ್ ಇಲ್ಲಿಗೆ ಒಳ್ಳೆಯದು. ಆದರೆ ಲೇಪ ಸವೆತವನ್ನು ನಿಧಾನಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ಇನ್ನು ಮಂಗಳೂರಿಗೇ ವಿಶೇಷವಾದ ಒಂದು ತಪ್ಪು ತಿಳಿವಳಿಕೆ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಅದಕ್ಕಾಗಿ ಎಷ್ಟೋ ಮನೆಗಳ ತಾರಸಿಗೆ ತಗಡಿನ ಮಾಡು ಇರುತ್ತದೆ. ಔಟ್‌ಡೋರನ್ನು ಮಳೆಯಿಂದ ಕಾಪಾಡಲು ಅದರಡಿಯಲ್ಲೇ ಇಡುತ್ತಾರೆ. ಯಂತ್ರ ಮಳೆಗೆ ನೆನೆಯಲೆಂದೇ ತಯಾರಾದದ್ದು. ಕಾಯಿಲ್ ಮೇಲಿನ ಉಪ್ಪನ್ನು ಪುಕ್ಕಟೆಯಾಗಿ ತೊಳೆಯುವುದೂ ಮಳೆಯೇ. ಮಾಡಿನಡಿ ಗಾಳಿ ಬರುತ್ತದೆ, ಉಪ್ಪು ಬರುತ್ತದೆ, ಮಳೆ ಮಾತ್ರ ಬರುವುದಿಲ್ಲ. ಹೀಗಾಗಿ ಉಪ್ಪು ವರ್ಷವಿಡೀ ಕೂಡುತ್ತಲೇ ಹೋಗುತ್ತದೆ. ಸಾಲದ್ದಕ್ಕೆ ಕಾದ ತಗಡಿನ ಕೆಳಗೆ ನಿಂತ ಬಿಸಿಗಾಳಿಯನ್ನೇ ಯಂತ್ರ ಉಸಿರಾಡಬೇಕು. ಎಳೆದುಕೊಳ್ಳುವ ಗಾಳಿ ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ಯಂತ್ರದ ದಕ್ಷತೆ ಸುಮಾರು ಶೇ. 2-3 ಕುಗ್ಗುತ್ತದೆ. ತೆರೆದ ಗೋಡೆ ಮಾಡಿಗಿಂತ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಯಾವ ಗೋಡೆ? ಮಧ್ಯಾಹ್ನದ ಕಡಲಗಾಳಿಯೂ ಮುಂಗಾರಿನ ಬಿರುಗಾಳಿಯೂ ಪಡುವಣದಿಂದಲೇ ಬರುವುದರಿಂದ ಮನೆಯ ಮರೆಯಿರುವ ಪೂರ್ವದ ಗೋಡೆ ಉತ್ತಮ, ಇಲ್ಲವಾದರೆ ಉತ್ತರದ್ದು. ಬೆಳಗಿನ ಬಿಸಿಲು ಬೀಳುತ್ತದಲ್ಲಾ ಎಂಬ ಚಿಂತೆ ಬೇಡ. ಬಿಸಿಲಿನಿಂದ ಪೆಟ್ಟಿಗೆಗೆ ಬರುವುದು ಕೆಲವು ನೂರು ವ್ಯಾಟ್, ಅದು ಹೊರಹಾಕುವುದು ಆರೂವರೆ ಸಾವಿರ. ಕಡಲಿಗೆ ಮುಖಮಾಡಿದ ಬಾಲ್ಕನಿ ಬಿಟ್ಟು ಗತಿಯಿಲ್ಲದ ಫ್ಲ್ಯಾಟ್‌ಗಳಿಗೆ ತಯಾರಕರು ಸೂಚಿಸುವ ದಾರಿಯೆಂದರೆ, ಯಂತ್ರಕ್ಕಿಂತ ಒಂದೂವರೆ ಪಟ್ಟು ಎತ್ತರ, ಅಗಲದ ಗಾಳಿತಡೆಯನ್ನು ಒಂದಿಷ್ಟು ದೂರದಲ್ಲಿ ನಿಲ್ಲಿಸುವುದು. ಹತ್ತಿರ ನಿಲ್ಲಿಸಿದರೆ ಯಂತ್ರಕ್ಕೇ ಉಸಿರು ಕಟ್ಟುತ್ತದೆ. ಕಟ್ಟಡದ ನಡುವಿನ ಇಕ್ಕಟ್ಟಾದ ಡಕ್ಟ್‌ನಲ್ಲಿ ಸಾಲಾಗಿ ನೇತುಹಾಕುವುದೂ ಸರಿಯಲ್ಲ. ಕೆಳಗಿನ ಮನೆಗಳು ಬಿಟ್ಟ ಬಿಸಿಗಾಳಿ ಮೇಲೇರಿ ಮೇಲಿನ ಮನೆಯ ಯಂತ್ರಕ್ಕೆ ಆಹಾರವಾಗುತ್ತದೆ. ಹಾಂಗ್‌ಕಾಂಗ್‌ನ ಎತ್ತರದ ವಸತಿ ಕಟ್ಟಡಗಳ ಮೇಲೆ ಈ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ.

ಹಳೆಯ ಮನೆಗಳಲ್ಲಿ ಗೋಡೆಯದೇ ಒಂದು ಸಮಸ್ಯೆ. ನಮ್ಮ ಕೆಂಪುಕಲ್ಲು ರಂಧ್ರಮಯ. ತೂಕವನ್ನು ಚೆನ್ನಾಗಿ ಹೊರುತ್ತದೆ, ಆದರೆ ಒಳಗಿನಿಂದ ಅಗಲಿಸುವ ಬಲವನ್ನು ತಾಳದು. ಕಾಂಕ್ರೀಟಿಗಾಗಿ ಮಾಡಿದ ಆಂಕರ್ ಬೋಲ್ಟ್ ತೂತಿನೊಳಗೆ ಹಿಗ್ಗಿ ಹಿಡಿಯುವಂಥದ್ದು. ಕೆಂಪುಕಲ್ಲಿನಲ್ಲಿ ಅದು ಸುತ್ತಲಿನ ಕಲ್ಲನ್ನೇ ಪುಡಿಮಾಡುತ್ತದೆ. ಮೂವತ್ತು ಕಿಲೋ ತೂಗುವ ಯಂತ್ರ ದಿನವೂ ನಡುಗುತ್ತಿದ್ದರೆ ಹಿಡಿತ ಸಡಿಲವಾಗುತ್ತಲೇ ಹೋಗುತ್ತದೆ. ಗೋಡೆಯ ಆಚೀಚೆ ಹಾಯುವ ಉದ್ದ ಬೋಲ್ಟ್ ಹಾಕಿ ಒಳಗೆ ಪಟ್ಟಿ ಕೊಡಬೇಕು, ಅಥವಾ ಕಾಂಕ್ರೀಟ್ ಬೀಮಿಗೆ ಕಟ್ಟಬೇಕು. ಅಂಗಳದಲ್ಲಿ ಕಟ್ಟೆ ಕಟ್ಟಿ ಕೂರಿಸುವುದು ಎಲ್ಲಕ್ಕಿಂತ ಕ್ಷೇಮ. ಸ್ಟ್ಯಾಂಡು ಬರೀ ಬಣ್ಣ ಬಳಿದ ಕಬ್ಬಿಣದ್ದಾಗದೆ, ದಪ್ಪ ಸತುವಿನ ಲೇಪದ್ದೋ ಸ್ಟೇನ್‌ಲೆಸ್ ಸ್ಟೀಲಿನದೋ ಆಗಲಿ. ಇದರಲ್ಲಿ ಉಳಿಸುವ ದುಡ್ಡು ಕೆಳಗೆ ನಡೆದಾಡುವವರ ತಲೆಯ ಮೇಲಿನ ಅಪಾಯ.

ಪೈಪು ಜೋಡಿಸುವ ದಿನ ಮನೆಯವರು ನಿಂತು ನೋಡಬೇಕಾದದ್ದು ಪೈಪಿನೊಳಗಿನ ಗಾಳಿಯನ್ನೂ ತೇವವನ್ನೂ ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪನ್ನು. ಜುಲೈಯ ಮಂಗಳೂರಿನ ಒಂದು ಘನ ಮೀಟರ್ ಗಾಳಿಯಲ್ಲಿ ಇಪ್ಪತ್ತು ಗ್ರಾಂಗೂ ಮಿಕ್ಕಿ ನೀರಾವಿ ಇರುತ್ತದೆ. ಪೈಪಿನೊಳಗೆ ಅದು ಉಳಿದರೆ ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಆಮ್ಲವಾಗಿ ಒಳಗಿನಿಂದ ಕೊರೆಯುತ್ತದೆ. ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿಯನ್ನು ಓಡಿಸುವ ಅಡ್ಡದಾರಿಯಿಂದ ಈ ತೇವ ಹೋಗದು. ಈಗ ಹೆಚ್ಚಿನ ಯಂತ್ರಗಳಲ್ಲಿರುವ ಆರ್-32 ಅನಿಲವಂತೂ ಸುಲಭವಾಗಿ ಅಲ್ಲದಿದ್ದರೂ ಉರಿಯುವಂಥದ್ದು, ಇಂಗಾಲದ ಡೈಆಕ್ಸೈಡಿಗಿಂತ 675 ಪಟ್ಟು ಭೂಮಿಯನ್ನು ಬಿಸಿಮಾಡಬಲ್ಲದ್ದು. ಅದನ್ನು ಹೀಗೆ ಗಾಳಿಗೆ ಬಿಡಬಾರದು.

ಇದೇ ಯಂತ್ರವನ್ನು ತಿರುಗುಮುರುಗು ಮಾಡಿದರೆ ಸ್ನಾನದ ನೀರು ಕಾಯಿಸುವ ಹೀಟ್ ಪಂಪ್. ಸೋಲಾರ್ ಹೀಟರು ಮಂಕಾಗುವ ಮಳೆಗಾಲದ ತಿಂಗಳುಗಳಲ್ಲೂ ಮಂಗಳೂರಿನ ಗಾಳಿ 25 ಡಿಗ್ರಿಯ ಆಸುಪಾಸಿನಲ್ಲಿದ್ದು, ಆವಿಯಿಂದ ತುಂಬಿರುತ್ತದೆ. ಆ ಶಾಖವನ್ನೇ ಎತ್ತಿಕೊಂಡು, ಒಂದು ಯುನಿಟ್ ವಿದ್ಯುತ್ತಿಗೆ ಮೂರು ಯುನಿಟ್‌ನಷ್ಟು ಬಿಸಿಯನ್ನು ಇದು ನೀರಿಗೆ ಕೊಡಬಲ್ಲದು. ಹೊರಗೆ ತಂಪುಗಾಳಿ ಬಿಡುವ ಯಂತ್ರವಾದ್ದರಿಂದ ಜಾಗದ ಲೆಕ್ಕ ಇಲ್ಲಿ ತಲೆಕೆಳಗು, ಬೆಚ್ಚಗಿನ ಮೂಲೆಯೇ ಇದಕ್ಕೆ ಹಿತ. ಉಪ್ಪಿನ ಕಾಟ ಮಾತ್ರ ಇದಕ್ಕೂ ಅಷ್ಟೇ.

ಆದ್ದರಿಂದ ಯಾವುದೇ ಯಂತ್ರವಿರಲಿ, ಕೈಗೆಟಕುವಲ್ಲಿ ಇಡಿಸಿಕೊಳ್ಳಿ. ಮಳೆ ನಿಂತ ಅಕ್ಟೋಬರಿನಿಂದ ಮೇ ತನಕ ತಿಂಗಳಿಗೊಮ್ಮೆ ಕಾಯಿಲನ್ನು ತೊಳೆಯುವ ಕೆಲಸ ಮನೆಯವರದೇ. ಸ್ವಿಚ್ ಆರಿಸಿ, ತೋಟದ ಪೈಪಿನಿಂದ ಮೆಲ್ಲಗೆ ನೀರು ಬಿಟ್ಟರೆ ಸಾಕು. ಕಾರು ತೊಳೆಯುವ ಪ್ರೆಶರ್ ಪಂಪು ಹಾಳೆಗಳನ್ನು ಬಗ್ಗಿಸುತ್ತದೆ. ಬೇಸಿಗೆಯಲ್ಲಿ ಬಾವಿನೀರು ಉಪ್ಪಾಗುವ ಕಡಲಕರೆಯ ಮನೆಗಳವರು ಇದಕ್ಕೆ ಆ ನೀರನ್ನು ಬಳಸದೆ, ತುಂಬೆ ಅಣೆಕಟ್ಟಿನಿಂದ ಬರುವ ನಳ್ಳಿನೀರನ್ನೇ ಬಳಸಬೇಕು.