‘ಕಸ್ಟಮ್ಸ್ ಬರೀ ಶೇ 7.5’ ಎಂಬ ಫಾರ್ವರ್ಡ್ ನಿಜವೇ? 8 ಲಕ್ಷದ ಯಂತ್ರ ಮೊರಬಕ್ಕೆ ಬರುವಷ್ಟರಲ್ಲಿ ಎಷ್ಟಾಗುತ್ತದೆ?

ಹೆಸರು ರಾಶಿಯಾಗುವ ಹೊತ್ತಿಗೆ ವಾಟ್ಸ್‌ಆಪ್ ಗುಂಪುಗಳಲ್ಲಿ ಕಲರ್ ಸಾರ್ಟರ್ ಯಂತ್ರದ ವಿಡಿಯೊಗಳೂ ಓಡಾಡುತ್ತವೆ. ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದೆ. ಬಣ್ಣಗೆಟ್ಟ ಕಾಳೋ ಹರಳೋ ಕಂಡರೆ ಗಾಳಿ ಊದಿ ಆಚೆ ತಳ್ಳುತ್ತದೆ. ನೋಡಲು ಚೆಂದವೇ. ಜೊತೆಗೊಂದು ಸಾಲು ಇರುತ್ತದೆ: ಚೀನಾದಿಂದ ನೇರವಾಗಿ ತರಿಸಿ, ಕಮಿಷನ್ ಉಳಿಸಿ, ಕಸ್ಟಮ್ಸ್ ಬರೀ ಶೇ 7.5.

ಇದರಲ್ಲಿ 7.5 ಎಂಬ ಅಂಕಿ ಸುಳ್ಳಲ್ಲ. ‘ಬರೀ’ ಎಂಬುದು ಸುಳ್ಳು.

ನವಲಗುಂದ ತಾಲ್ಲೂಕಿನ ಮೊರಬವನ್ನೇ ತೆಗೆದುಕೊಳ್ಳೋಣ. ಎರೆಭೂಮಿ, ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಅಲ್ಲಿ ನಾಲ್ಕು ಜನ ಸೇರಿ ಕಾಳು ಹಸನು ಮಾಡುವ ಘಟಕ ಹಾಕಲು ಹೊರಟಿದ್ದಾರೆ ಅಂದುಕೊಳ್ಳಿ. ಬ್ಯಾಂಕಿಗೆ ಕೊಟ್ಟ ವರದಿಯಲ್ಲಿ ಯಂತ್ರಕ್ಕೆ 8 ಲಕ್ಷ, ಸುಂಕಕ್ಕೆ ಅದರ ಶೇ 7.5, ಅಂದರೆ 60,000 ಎಂದು ಬರೆದರು. ಸಾಲವೂ ಅಷ್ಟಕ್ಕೇ ಮಂಜೂರಾಯಿತು. ಈಗ ನಿಜವಾದ ಲೆಕ್ಕ ನೋಡೋಣ.

ಮಾರುವವನು ಹೇಳುವ ದರ ಹೆಚ್ಚಾಗಿ ಎಫ್ಒಬಿ ದರ. ಅಂದರೆ ಅವನ ದೇಶದ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆ. ನಮ್ಮ ಕಸ್ಟಮ್ಸ್ ಇದರ ಮೇಲೆ ಸುಂಕ ಹಾಕುವುದಿಲ್ಲ. ಹಡಗಿನ ಬಾಡಿಗೆ ಮತ್ತು ವಿಮೆ ಸೇರಿಸಿದ ಸಿಐಎಫ್ ಬೆಲೆಯ ಮೇಲೆ ಹಾಕುತ್ತದೆ. ಬಾಡಿಗೆ 80,000, ವಿಮೆ 9,000 ಎಂದು ಹಿಡಿದರೆ ಸಿಐಎಫ್ 8,89,000 ರೂಪಾಯಿ. ಬಾಡಿಗೆ, ವಿಮೆಯ ಕಾಗದ ನಿಮ್ಮ ಬಳಿ ಇಲ್ಲದಿದ್ದರೆ ನಿಯಮದ ಪ್ರಕಾರ ಎಫ್ಒಬಿಯ ಶೇ 20ನ್ನು ಬಾಡಿಗೆ, ಶೇ 1.125ನ್ನು ವಿಮೆ ಎಂದು ಲೆಕ್ಕ ಹಾಕುತ್ತಾರೆ. ಹಾಗಾಗಿ ಆ ರಸೀದಿಗಳನ್ನು ಬಿಡಬೇಡಿ. ಡಾಲರ್ ದರವೂ ಗೂಗಲ್‌ನಲ್ಲಿ ಕಂಡದ್ದಲ್ಲ, ಕಸ್ಟಮ್ಸ್ ತಿಂಗಳಿಗೆ ಎರಡು ಸಲ ಪ್ರಕಟಿಸುವ ದರ.

ಮುಂದೆ ಸುಂಕ ಮೆಟ್ಟಿಲು ಹತ್ತಿದಂತೆ ಏರುತ್ತದೆ:

ಮೂಲ ಸುಂಕ, ಸಿಐಎಫ್‌ನ ಶೇ 7.5: 66,675
ಸಮಾಜ ಕಲ್ಯಾಣ ಸರ್ಚಾರ್ಜ್, ಮೂಲ ಸುಂಕದ ಶೇ 10: 6,668
ಐಜಿಎಸ್‌ಟಿ, ಮೇಲಿನದೆಲ್ಲ ಕೂಡಿದ ಮೊತ್ತದ ಶೇ 18: 1,73,222

ಒಟ್ಟು ಸುಮಾರು 2,46,565 ರೂಪಾಯಿ. ಸಿಐಎಫ್ ಬೆಲೆಯ ಶೇ 27.7ರಷ್ಟು. ವರದಿಯಲ್ಲಿದ್ದದ್ದು 60,000! ಐಜಿಎಸ್‌ಟಿ ಬರೀ ಯಂತ್ರದ ಮೇಲಲ್ಲ, ನೀವು ಕಟ್ಟಿದ ಸುಂಕದ ಮೇಲೂ ಬೀಳುತ್ತದೆ. ಫಾರ್ವರ್ಡ್‌ಗಳು ನುಂಗುವುದು ಇದನ್ನೇ.

ಕಾಳು ಹಸನು ಮಾಡುವ, ವಿಂಗಡಿಸುವ ಯಂತ್ರಗಳು ಸುಂಕ ಪಟ್ಟಿಯ 84ನೇ ಅಧ್ಯಾಯದಲ್ಲಿ, 8437 ಎಂಬ ಸಂಖ್ಯೆಯಡಿ ಬರುತ್ತವೆ. ಆ ಅಧ್ಯಾಯದ ಬಹಳಷ್ಟು ಯಂತ್ರಗಳ ಮೂಲ ಸುಂಕ ಶೇ 7.5, ನಾವೂ ಅದನ್ನೇ ಹಿಡಿದಿದ್ದೇವೆ. ಇವುಗಳ ಜಿಎಸ್‌ಟಿ 2022ರ ಜುಲೈ 18ರಿಂದ ಶೇ 5ರ ಬದಲು ಶೇ 18 ಆಗಿದೆ; ಹಳೆಯ ಫಾರ್ವರ್ಡ್‌ಗಳಲ್ಲಿ ಇನ್ನೂ 5 ಎಂದೇ ಇರಬಹುದು. ದರಗಳು ಬದಲಾಗುತ್ತಿರುತ್ತವೆ. ಮುಂಗಡ ಕಳಿಸುವ ಮೊದಲು ಐಸ್‌ಗೇಟ್ ಜಾಲತಾಣದ ಸುಂಕ ಕ್ಯಾಲ್ಕುಲೇಟರ್‌ನಲ್ಲಿ ಯಂತ್ರದ ಸಂಖ್ಯೆ ಹಾಕಿ ಅಂದಿನ ದರ ನೋಡಿ.

‘ಐಜಿಎಸ್‌ಟಿ ವಾಪಸ್ ಬರುತ್ತದಲ್ಲ?’

ಅರ್ಧ ನಿಜ. ಜಿಎಸ್‌ಟಿ ನೋಂದಣಿ ಇದ್ದು, ನೀವು ಮಾರುವ ಸರಕಿಗೆ ಜಿಎಸ್‌ಟಿ ಬೀಳುತ್ತಿದ್ದರೆ ಈ 1.73 ಲಕ್ಷವನ್ನು ಮುಂದಿನ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಬಿಡಿಯಾಗಿ ಮಾರುವ ಹೆಸರು ಕಾಳಿಗೆ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಸರಕು ಮಾರುವವರಿಗೆ ಕ್ರೆಡಿಟ್ ಕೂಡ ಇಲ್ಲ. ಅದೇ ಕಾಳನ್ನು 25 ಕೆ.ಜಿ. ವರೆಗಿನ ಲೇಬಲ್ ಹಚ್ಚಿದ ಪ್ಯಾಕೆಟ್‌ನಲ್ಲಿ ಮಾರಿದರೆ ಶೇ 5 ತೆರಿಗೆ, ಆಗ ಕ್ರೆಡಿಟ್ ದಾರಿ ತೆರೆಯುತ್ತದೆ. ಹಳ್ಳಿಯ ಘಟಕಗಳಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲಿಯೇ ಎಂದು ನಮಗನ್ನಿಸುತ್ತದೆ. ಯಂತ್ರದ ಮಾತಿಗಿಂತ ಮೊದಲು ಲೆಕ್ಕಪರಿಶೋಧಕರ ಹತ್ತಿರ ಈ ಪ್ರಶ್ನೆ ಕೇಳಿ.

‘ಸರ್ಕಾರಿ ಸ್ಕೀಮ್‌ನಲ್ಲಿ ಸುಂಕವೇ ಇಲ್ಲ’ ಎನ್ನುವವರು ಹೇಳುತ್ತಿರುವುದು ಇಪಿಸಿಜಿ ಯೋಜನೆಯ ಬಗ್ಗೆ. ಅದು ಇದೆ. ಆದರೆ ಉಳಿಸಿದ ಸುಂಕದ 6 ಪಟ್ಟು ಮೌಲ್ಯದ ರಫ್ತನ್ನು 6 ವರ್ಷಗಳಲ್ಲಿ ಮಾಡಿ ತೋರಿಸಬೇಕು. ಕಾಳನ್ನು ಹುಬ್ಬಳ್ಳಿ ಮಾರುಕಟ್ಟೆಗೆ ಹಾಕುವವರಿಗೆ ಅದು ಹೊಂದುವುದಿಲ್ಲ.

ಬಿಲ್‌ನಲ್ಲಿ ಬೆಲೆ ಕಡಿಮೆ ಬರೆದು ಕಳಿಸುತ್ತೇನೆ ಎಂದು ಮಾರುವವನೇ ಹೇಳಿದರೆ ಒಪ್ಪಬೇಡಿ. ಇಂಥದೇ ಸರಕಿನ ಬೆಲೆಯ ಜೊತೆ ಹೋಲಿಸಿ ಆ ಬಿಲ್ಲನ್ನು ತಳ್ಳಿಹಾಕುವ ಅಧಿಕಾರ ಕಸ್ಟಮ್ಸ್‌ಗೆ ಇದೆ. ದಂಡವೂ ಬೀಳಬಹುದು, ಯಂತ್ರ ಜಪ್ತಿಯೂ ಆಗಬಹುದು.

ಸುಂಕದ ಹೊರಗೂ ಖರ್ಚಿದೆ. ಆಮದು ರಫ್ತು ಕೋಡ್‌ಗೆ 500 ರೂಪಾಯಿ, ಅದು ಸಣ್ಣದು. ಕಸ್ಟಮ್ಸ್ ಬ್ರೋಕರ್ ಶುಲ್ಕ, ಬಂದರಿನ ಶುಲ್ಕ, ಮುಂಬೈ ಬಳಿಯ ನ್ಹಾವಾ ಶೇವಾದಲ್ಲಿ ಇಳಿದರೆ ಅಲ್ಲಿಂದ ಊರಿಗೆ ಲಾರಿ ಬಾಡಿಗೆ, ಇಳಿಸಲು ಕ್ರೇನ್. ಎಲ್ಲಕ್ಕೂ ಮೊದಲೇ ಬರಹದಲ್ಲಿ ದರ ತರಿಸಿಕೊಳ್ಳಿ. ಚೀನಾದ ಮೂರು ಫೇಸ್ ವಿದ್ಯುತ್ 380 ವೋಲ್ಟ್, ನಮ್ಮದು 415. ಯಂತ್ರ ಇದಕ್ಕೆ ಹೊಂದುತ್ತದೆಯೇ ಎಂದು ಕೇಳಿ, ಹೆಸ್ಕಾಂನಿಂದ ಬೇಕಾದಷ್ಟು ಲೋಡ್ ಸಿಗುತ್ತದೆಯೇ ಎಂದೂ ನೋಡಿ.

ತಡ ಮಾತ್ರ ಮಾಡಬೇಡಿ. ಬಿಲ್ ಆಫ್ ಎಂಟ್ರಿ ಎಂಬ ಆಮದು ಪತ್ರವನ್ನು ಹಡಗು ಬರುವ ಹಿಂದಿನ ದಿನದೊಳಗೆ ಸಲ್ಲಿಸಬೇಕು. ಇಲ್ಲದಿದ್ದರೆ ಮೊದಲ 3 ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಕಂಟೇನರ್ ಬಾಡಿಗೆ ಬೇರೆ. 60,000 ಎಂದು ನಂಬಿ ಕೂತವರು ಉಳಿದ 1.87 ಲಕ್ಷಕ್ಕೆ ಕೈಗಡ ಹುಡುಕುತ್ತಿರುವಾಗ ಬಂದರಿನಲ್ಲಿ ಯಂತ್ರದ ಮೇಲೆ ಬಾಡಿಗೆ ಏರುತ್ತಲೇ ಇರುತ್ತದೆ.

ಆ ಗಡಿಬಿಡಿಯಲ್ಲೇ ಮೋಸದ ಕರೆಗಳೂ ಬರಬಹುದು: ‘ಕಸ್ಟಮ್ಸ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ಸರಕು ತಡೆದಿದ್ದೇವೆ, ಈ ಯುಪಿಐಗೆ ಹಣ ಹಾಕಿ.’ ಕಸ್ಟಮ್ಸ್ ಸುಂಕ ಯಾರದೇ ವೈಯಕ್ತಿಕ ಖಾತೆಗೆ ಹೋಗುವುದಿಲ್ಲ. ಇಲಾಖೆಯ ಪತ್ರಗಳ ಮೇಲೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಸಿಬಿಐಸಿ ಜಾಲತಾಣದಲ್ಲಿ ಪರೀಕ್ಷಿಸಬಹುದು. ಹಣ ಹೋಗಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.