ಶಿಫಾರಸು ಪತ್ರದ ತೂಕ

ಅಮೆರಿಕದಲ್ಲಿ ವೈದ್ಯವೃತ್ತಿ ನಡೆಸಬಯಸುವ ನಮ್ಮ ತರುಣ ವೈದ್ಯರು ಸಾಮಾನ್ಯವಾಗಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ‘ರೆಸಿಡೆನ್ಸಿ’ ತರಬೇತಿ ಪಡೆಯಬೇಕು. ಒಂದೊಂದು ತರಬೇತಿ ಕೇಂದ್ರಕ್ಕೆ ಅರ್ಜಿಯೊಡನೆ ಹೆಚ್ಚೆಂದರೆ 4 ಶಿಫಾರಸು ಪತ್ರಗಳು ಹೋಗಬಹುದು. 2022ರ ಜನವರಿಯಿಂದ ಅಲ್ಲಿನ ಮೊದಲ ಹಂತದ ಪರವಾನಗಿ ಪರೀಕ್ಷೆಯಲ್ಲಿ ಅಂಕಗಳಿಲ್ಲ. ತೇರ್ಗಡೆ ಅಥವಾ ನಪಾಸು, ಅಷ್ಟೇ. ಆದುದರಿಂದ ಪತ್ರಗಳ ಮಹತ್ವ ಹೆಚ್ಚಿದೆ.

ಆದರೆ ಎಂಥ ಪತ್ರ? ಹೆಸರಾಂತ ಪ್ರಾಧ್ಯಾಪಕರು ಮುಖಪರಿಚಯವೂ ಇಲ್ಲದ ಅಭ್ಯರ್ಥಿಯನ್ನು ‘ಸದ್ಗುಣಿ, ಶ್ರಮಜೀವಿ’ ಎಂದು ಹೊಗಳಿದರೆ ಆರಿಸುವವರಿಗೆ ತಿಳಿಯುವುದೇನು? ವಾರ್ಡಿನಲ್ಲಿ ಜೊತೆಗಿದ್ದ ವೈದ್ಯರು, ಈತ ರೋಗಿಯನ್ನು ಹೇಗೆ ನೋಡಿಕೊಂಡ, ತಪ್ಪು ತೋರಿಸಿದಾಗ ಹೇಗೆ ತಿದ್ದಿಕೊಂಡ ಎಂದು ಬರೆದ ಪತ್ರವೇ ಮೇಲು. ಅದನ್ನು ಬರೆದವರೇ ನೇರವಾಗಿ ಸಲ್ಲಿಸುತ್ತಾರೆ. ಓದಿ ನೋಡುವ ಹಕ್ಕನ್ನು ಅಭ್ಯರ್ಥಿ ಬಿಟ್ಟುಕೊಡುವುದು ವಾಡಿಕೆ.

ಪತ್ರ ಕೇಳುವ ಮುನ್ನ, ತಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಗುರುಗಳು ಯಾರೆಂದು ತರುಣರು ಯೋಚಿಸಲಿ.